ಗುಣವಾಚಕದ ಪಾಠಕ್ಕೆ ಮೊದಲು

ಓಲೋಟ್, ಮಾರ್ಚ್ 1978

ರೆಮೇಯ್ ಟೀಚರ್ ಅವರಿಗೆ,

ಇನ್ನು ಮೇಲೆ ನಾನು ಸಂಜೆಯ ತರಗತಿಗೆ ಬರುವುದಿಲ್ಲ. ನನ್ನ ಜಾಗವನ್ನು ಬೇರೆ ಯಾರಿಗಾದರೂ ಕೊಡಿ.

ತುಲೂಸಿನಲ್ಲಿದ್ದ ನನ್ನಕ್ಕ ಕಿತೇರಿಯಾ ಭಾನುವಾರ ತೀರಿಕೊಂಡಳು. ನಮ್ಮ ಕಾಲದ ಶಾಲೆಯಲ್ಲಿ ನಮ್ಮ ಮನೆಮಾತು ಕತಲಾನ್ ಕಲಿಸಲು ಬಿಡುತ್ತಿರಲಿಲ್ಲ. ಹಾಗಾಗಿ ಅವಳಿಗೆ ಸ್ಪ್ಯಾನಿಷ್‌ನಲ್ಲೇ ಬರೆಯುತ್ತಿದ್ದೆ. ಫೋನಿನಲ್ಲಿ ನಗುತ್ತಿದ್ದಳು: "ಏನೇ ಇದು, ಪೊಲೀಸ್ ಠಾಣೆಗೆ ಅರ್ಜಿ ಹಾಕಿದ ಹಾಗಿದೆ! ಮನೇಲಿ ಮಾತಾಡೋ ಹಾಗೆ ಬರಿಯೇ."

ಅದಕ್ಕೇ ನಿಮ್ಮಲ್ಲಿ ಸೇರಿದ್ದು. ನಾಮಪದ ಆಯಿತು, ನಾವು ಮನೆಮಂದಿಯ ಹೆಸರಿನ ಮುಂದೆಯೂ ಹಚ್ಚುವ ಉಪಪದಗಳು 'ಎಲ್', 'ಲಾ' ಆಯಿತು. ನಮ್ಮದೇ ಮಾತನ್ನು ತಪ್ಪಾಗಿ ಬರೆಯಲು ನಾಚಿಕೆ. ಗುಣವಾಚಕವೂ ಮುಗಿಯಲಿ, ಆಮೇಲೆ ಅವಳಿಗೆ ಬರೆಯೋಣ ಎಂದು ಕಾದೆ.

ಈ ಕಾಗದಕ್ಕೆ ಕೆಂಪು ಶಾಯಿ ಹಚ್ಚಬೇಡಿ, ತಪ್ಪುಗಳು ಇದ್ದ ಹಾಗೇ ಇರಲಿ. ನಮ್ಮ ಭಾಷೆಯಲ್ಲಿ ನಾನು ಬರೆದ ಮೊದಲ ಪತ್ರ ಇದು. ಅವಳಿಗೆ ಹೋಗಬೇಕಾಗಿತ್ತು.

ನಿಮ್ಮ ಹಿಂದಿನ ಬೆಂಚಿನ
ಎಂಗ್ರಾಸಿಯಾ