ಹಿಂದಿನ ಬಾಗಿಲಿನ ಹನ್ನೆರಡು ಚೀಲ

ಕಂಪ್ಲಿ,
12-2-1987

ತಪಾಸಣೆ ಅಧಿಕಾರಿಗಳಾದ ಗವಿಸಿದ್ದಪ್ಪನವರಿಗೆ ನಮಸ್ಕಾರ.

ಹೊಸಪೇಟೆಯ ನರ್ಸಿಂಗ್ ಹೋಮಿನ ಬಗ್ಗೆ ನೀವು ಬರೆದ ವರದಿಯನ್ನು ಓದಿದೆ. ಅಡುಗೆ ಕೋಣೆಗೆ ಬೆಂಕಿ ಬಿದ್ದ ದಿನ ಹಿಂದಿನ ಬಾಗಿಲು ತೆರೆಯಲಿಲ್ಲ. ಯಾರೂ ಸಾಯಲಿಲ್ಲವೆಂದು ಅದನ್ನು ‘ಸಣ್ಣ ತಪ್ಪು’ ಎಂದು ಬರೆದು, ಬರೀ ಎಚ್ಚರಿಕೆ ಕೊಟ್ಟು ಮುಗಿಸಿದ್ದೀರಿ. ಸತ್ತಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಅಲ್ಲಿ ದಾಖಲಾಗಿದ್ದ ನಮ್ಮವ್ವ ಅಷ್ಟು ಸಹಕರಿಸಲಿಲ್ಲ.

ಆ ಬಾಗಿಲಿಗೆ ಬೀಗವಿರಲಿಲ್ಲ, ಅಕ್ಕಿ ಚೀಲಗಳಿಂದಾಗಿ ದಾಟಲು ಜಾಗವಿರಲಿಲ್ಲ. ಕಾಲು ಮುರಿದಿದ್ದ ಅವ್ವನನ್ನು ಕಿಟಕಿಯಿಂದ ಇಳಿಸಿದೆವು. “ಚೀಲಕ್ಕ ಬಾಗ್ಲು, ನನಗ ಕಿಟಕಿ ಏನಲೇ?” ಎಂದಳು.

ಗುಣವಾದವರು ಡಾಕ್ಟರಿಗೆ ಹೊಸ ಅಕ್ಕಿ ಕಳಿಸುವುದು ನಮ್ಮ ಕಾಲುವೆ ಸೀಮೆಯ ವಾಡಿಕೆ. ಅಲ್ಲಿದ್ದ ಹನ್ನೆರಡು ಚೀಲಗಳಲ್ಲಿ ಒಂದು ನನ್ನದೇ. ಹೋದ ವರ್ಷ ಅವ್ವನ ಜ್ವರ ಬಿಟ್ಟಾಗ ನಾನೇ ಹೊತ್ತು ತಂದು ಆ ಬಾಗಿಲಿಗೆ ಒರಗಿಸಿದ್ದೆ. ಅದನ್ನೂ ವರದಿಗೆ ಸೇರಿಸಿರಿ.

ಆದರೆ ತಪ್ಪಿನ ವರ್ಗ ಬದಲಾಗಲೇಬೇಕು. ಬಾಗಿಲು ತೆರವಾಗುವವರೆಗೆ ಅಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳಬಾರದು.

ಸೋಮವಾರ ನನ್ನ ಚೀಲ ಎತ್ತಲು ಬರುತ್ತೇನೆ. ನೀವೂ ಬನ್ನಿರಿ. ಉಳಿದ ಹನ್ನೊಂದು ಅಲ್ಲೇ ಇರುವಾಗ ಆ ಬಾಗಿಲಿನಿಂದ ಹೊರಗೆ ನಡೆದು ತೋರಿಸಿದರೆ, ಸಣ್ಣ ತಪ್ಪೆಂದು ನಾನೇ ಸಹಿ ಹಾಕುತ್ತೇನೆ.

ಇಂತಿ,
ಕೊಟ್ರಮ್ಮನ ಮಗ
ಜಡೆಪ್ಪ, ಬಿ.ಎ.