ನಿದ್ದೆಯ ಮದ್ದು

ಚಿತ್ರದುರ್ಗ
16-11-1977

ಚಿ. ಸೌ. ಗಿರಿಯಮ್ಮನಿಗೆ ನಿನ್ನ ಗಂಡ ಗೋವಿಂದಪ್ಪನ ಆಶೀರ್ವಾದಗಳು.

ಬಾಗೂರಿನಲ್ಲಿ ನಿನ್ನ ಬಾಣಂತಿ ಜ್ವರ ಇಳಿದಿದೆಯೆಂದು ನಿಮ್ಮಣ್ಣ ಹೇಳಿಕಳಿಸಿದ. ಕೂಸನ್ನು ಇಲ್ಲಿಗೆ ತಂದ ದಿನವೇ ನಾನು ಬರೆಯಬೇಕಿತ್ತು. ಕೂಸಿನ ಪಕ್ಕದಿಂದ ಏಳಲಾಗಲಿಲ್ಲ, ಬೈಯಬೇಡ.

ಕೂಸು ಉಸಿರು ಕಟ್ಟಿ ನೀಲಿಯಾದಾಗ ನಮ್ಮವ್ವ ಹೊಟ್ಟೆಗೆ ಬರೆ ಹಾಕಲು ಬಳೆಚೂರು ಕಾಯಿಸಿದ್ದಳಲ್ಲ. ಎಳೆ ಮೈ ನೋವು ತಡೆಯುತ್ತದೆಯೇ ಎಂದು ಕೂಗಾಡಿ, ಕೂಸನ್ನು ಕಿತ್ತುಕೊಂಡು ಆಸ್ಪತ್ರೆಗೆ ಬಂದೆ. ಅವ್ವ ಗೊಣಗುತ್ತಲೇ ಬಸ್ಸು ಹತ್ತಿದಳು.

ಗಂಟಲಿಗೆ ಕೊಳವೆ ಇಳಿಸಿ, ರಬ್ಬರು ಚೀಲ ಒತ್ತಿ ಉಸಿರು ಕೊಡಬೇಕೆಂದರು ಡಾಕ್ಟರು. "ನಿದ್ದೆ ಬರ್ಸಿ ಹಾಕ್ರಿ ಸ್ವಾಮಿ" ಎಂದೆ.

"ಇಷ್ಟು ಸಣ್ಣವಕ್ಕೆ ನೋವು ಗೊತ್ತಾಗಲ್ಲ ಮೇಷ್ಟ್ರೇ. ಮದ್ದು ಕೊಟ್ರೆ ಇರೋ ಉಸಿರೂ ನಿಂತೀತು."

ನರ್ಸ್ ಅನ್ನಪೂರ್ಣಮ್ಮ ತಲೆ ಹಿಡಿದರು. ಕಾಲು ಹಿಡಿಯಲು ನನ್ನನ್ನು ಕರೆದರು. ಗಿರಿಯಮ್ಮಾ, ನೋವು ಗೊತ್ತಾಗುತ್ತದೆ. ನನ್ನ ಕೈಯಲ್ಲಿ ಒದ್ದಾಡಿತು. ಬಾಯಿ ಅಗಲಿಸಿ ಅತ್ತಿತು, ಗಂಟಲಲ್ಲಿ ಕೊಳವೆ ಇದ್ದುದರಿಂದ ಸದ್ದೇ ಬರಲಿಲ್ಲ.

"ನಂದು ಒಂದ್ ಚಣದ್ ಬರೆ ಕಣಪ್ಪ. ಇದು ಮುಗಿಯಂಗೇ ಕಾಣಲ್ಲ" ಎಂದಳು ಅವ್ವ. ಮುದುಕಿಯ ಮೇಲೆ ರೇಗಿದೆ. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಅತ್ತೆವು.

ಈಗ ಕಫ ಕಟ್ಟುತ್ತಿರುವುದರಿಂದ ಆ ಕೊಳವೆ ತೆಗೆದು ನಾಳೆ ಬೇರೆಯದು ಹಾಕಬೇಕಂತೆ. "ಕೂಸು ಸ್ವಲ್ಪ ಗಟ್ಟಿಯಾಗಿದೆ. ಬೇಕಾದ್ರೆ ಈ ಸಲ ನಿದ್ದೆ ಮದ್ದು ಕೊಡ್ತೀನಿ. ಎಚ್ಚರಾಗೋದು ಮಾತ್ರ ನನ್ನ ಕೈಲಿಲ್ಲ, ನೀವೇ ಹೇಳ್ರಿ" ಎಂದಿದ್ದಾರೆ ಡಾಕ್ಟರು. ಶಾಲೆಯನ್ನೆಲ್ಲ ಗದರಿಸುವ ನಾನು ಈ ಒಂದು ಮಾತಿಗೆ ನಿನ್ನ ಮೊರೆ ಹೊಕ್ಕಿದ್ದೇನೆ. ನನಗೆ ತುಂಬಾ ಭಯವಾಗಿದೆ. ಹೆತ್ತವಳು ನೀನು, ನಿನ್ನನ್ನು ಕೇಳದೆ ಹೇಗೆ ಹೇಳಲಿ? ಸಂಜೆಯ ಬಸ್ಸಿನ ಕಂಡಕ್ಟರ್ ಶಿವಯ್ಯನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಹೂಂ ಅನ್ನು, ಇಲ್ಲವೇ ಬೇಡ ಅನ್ನು. ಬೆಳಗಿನ ಬಸ್ಸಿಗೆ ಹೇಳಿಕಳಿಸು.

ಕೇಶವನ ಗುಡಿಯಲ್ಲಿ ನಿಮ್ಮಮ್ಮನ ಕೈಲಿ ಒಂದು ತುಪ್ಪದ ದೀಪ ಹಚ್ಚಿಸು. ತಣ್ಣೀರು ಮುಟ್ಟಬೇಡ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ಇತಿ ನಿನ್ನ
ಗೋವಿಂದಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಕೊಳವೆ ಕಟ್ಟಿಕೊಂಡಿತು. ನಿನ್ನನ್ನು ಕೇಳಲು ಹೊತ್ತಿರಲಿಲ್ಲ, ಮದ್ದು ಕೊಡಿ ಎಂದು ನಾನೇ ಹೇಳಿಬಿಟ್ಟೆ. ಕಾಲು ಹಿಡಿದುಕೊಂಡೆ, ಈ ಸಲ ಒದೆಯಲೇ ಇಲ್ಲ. ಕೊಳವೆ ಸಲೀಸಾಗಿ ಇಳಿಯಿತು. ಎಚ್ಚರಾಗುವ ಹೊತ್ತು ಮೀರಿದೆ, ಕೂಸು ಇನ್ನೂ ಕಣ್ಣು ಬಿಟ್ಟಿಲ್ಲ. ಅನ್ನಪೂರ್ಣಮ್ಮ ಚೀಲ ಒತ್ತುತ್ತಲೇ ಇದ್ದಾರೆ. ಅವ್ವ ಅಂಗಾಲು ಉಜ್ಜುತ್ತ, "ಒದಿಯೋ ನನ್ನಪ್ಪ, ಒಂದ್ಸಲ ಒದಿಯೋ" ಅಂತಿದ್ದಾಳೆ. ನಾನು ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಕೈ ಅದರ ಕಾಲ ಮೇಲಿದೆ.