ಪಕ್ಕದ ಸೀಟಿನ ಅಳತೆ

ಮನೆ, ಮಹಡಿಯ ಕೋಣೆ
ಹದಿನೇಳನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಗಾಡಿ ಊರಿಗೂ ಆಗಬೇಕು, ಬೆಟ್ಟಕ್ಕೂ ಆಗಬೇಕು ಅಂದೆಯೋ, ಇಲ್ಲ ಬೆಟ್ಟಕ್ಕೂ ಆಗಬೇಕು, ಊರಿಗೂ ಆಗಬೇಕು ಅಂದೆಯೋ, ಮೂರು ವಾರದಿಂದ ಯೋಚಿಸುತ್ತಿದ್ದೇನೆ, ಯಾವುದು ಮೊದಲು ಬಂತು ಎಂದು ನೆನಪಾಗುತ್ತಿಲ್ಲ. ಗಾಡಿಯ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ನಿಮ್ಮ ಕಚೇರಿಯ ಲಾರಿ ಹತ್ತುತ್ತಾ ಹೇಳಿದ ಮಾತು ಅದು. ಎರಡರಲ್ಲಿ ಯಾವುದು ಮುಂದೆ ಬಂದರೇನು ಎಂದು ನೀನು ನಗಬಹುದು. ಇರಲಿ, ಮೊದಲು ನಿನ್ನ ಆರೋಗ್ಯದ ವಿಷಯ. ಹಿಮ್ಮಡಿಯ ಬಿರುಕು ಮಾಯಿತೇ? ದಿನವಿಡೀ ತೊರೆಯ ನೀರಿನಲ್ಲಿ ನಿಂತು ಮಟ್ಟ ಅಳೆಯುವವರಿಗೆ ಮುಲಾಮು ಹಚ್ಚಿಕೋ ಎನ್ನುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯೇ, ಆದರೂ ಹಚ್ಚಿಕೋ. ಫೋನು ಹಿಡಿಯದ ಜಾಗದಲ್ಲಿ ಕೆಮ್ಮು ಬಂದರೆ ನನಗೆ ಗೊತ್ತಾಗುವುದೇ ನೀನು ವಾಸಿಯಾದ ಮೇಲೆ. ಇಲ್ಲಿ ನಾನೂ ನಿಮ್ಮಮ್ಮನೂ ಚೆನ್ನಾಗಿದ್ದೇವೆ. ಅವರ ಮಂಡಿನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ.

ಗಾಡಿಯ ಕೆಲಸ ಮುಕ್ಕಾಲು ಮುಗಿಯಿತು. ಸ್ಪ್ರಿಂಗ್ ಪಟ್ಟಿಗಳನ್ನು ಬದಲಾಯಿಸಿ ಗಾಡಿಯನ್ನು ಮೂರು ಬೆರಳು ಎತ್ತರಿಸಿದ್ದಾರೆ, ಹೊಟ್ಟೆಯ ಕೆಳಗೆ ಕಲ್ಲು ಬಡಿಯದಂತೆ ತಗಡು ಕೂರಿಸಿದ್ದಾರೆ. ಮುಂದಿನ ಬಂಪರಿನಲ್ಲಿ, ಕೆಸರಿನಲ್ಲಿ ಹೂತರೆ ತನ್ನನ್ನು ತಾನೇ ಎಳೆದುಕೊಳ್ಳಲು ವಿಂಚು. ನಿನ್ನ ಯಂತ್ರಗಳಿಗೆ ಬೇರೆಯದೇ ಬ್ಯಾಟರಿ. ಟೈರಿನ ವಿಷಯಕ್ಕೆ ಮಾತ್ರ ಜಗಳವಾಯಿತು. ಪೂರ್ತಿ ಕೆಸರಿನ ಟೈರು ಹಾಕಿದರೆ ಡಾಂಬರಿನ ಮೇಲೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅನ್ನುತ್ತದೆ, ದಿನಾ ಕೆಲಸಕ್ಕೆ ಹೋಗುವವನು ನಾನು. ಕೊನೆಗೆ ನಡುವಿನ ಜಾತಿಯದು ಹಾಕಿಸಿದೆ. "ಎರಡೂ ಕೆಲಸಕ್ಕೆ ಆಗೋ ಗಾಡಿ ಅಂದ್ರೆ ಎರಡೂ ಕಡೆ ಬೈಸ್ಕೊಳ್ಳೋ ಗಾಡಿ ಸಾರ್" ಎಂದ ಮೆಕ್ಯಾನಿಕ್, ನನ್ನ ಮುಖ ನೋಡದೆ. ಮೊದಲ ದಿನ ಇದನ್ನು ನಕ್ಷೆ ಕಚೇರಿಯ ಅಂಗಳದಲ್ಲಿ ನಿಲ್ಲಿಸಿದಾಗ ನನ್ನ ಮೇಲಿನವರು ಕಿಟಕಿಯಿಂದ ಬಗ್ಗಿ, ಯಾವ ದೇಶದ ಮೇಲೆ ದಂಡೆತ್ತಿ ಹೊರಟಿರಿ ಎಂದು ಕೇಳಿದರು. ನಿಮ್ಮಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಬಾಗಿಲ ಬಳಿ ನಿಂತು ಒಂದು ಕಾಲು ಎತ್ತಿ, ಇಳಿಸಿ, "ಅಳಿಯಂದ್ರೇ, ಇದೇನು ಗಾಡೀನೋ ಅಟ್ಟಾನೋ? ಹತ್ತೋಕೆ ಏಣಿ ತನ್ನಿ" ಎಂದರು. ಏಣಿ ಎಂಬ ಮಾತು ಅವರ ಬಾಯಲ್ಲಿ ಬರಬಾರದಿತ್ತು. ಅವರಿಗೇನು ಗೊತ್ತು, ನಿಮ್ಮ ಕಚೇರಿಯಲ್ಲಿ ಆ ಹೆಸರಿನ ಒಬ್ಬ ಮನುಷ್ಯನಿದ್ದಾನೆ ಎಂದು.

ಅವನನ್ನು ನಾನು ನೋಡಿಲ್ಲ. ನೀನು ಹೇಳಿದ್ದಷ್ಟೇ ಗೊತ್ತು: ಬಾಗಿಲಲ್ಲಿ ತಲೆ ತಗ್ಗಿಸುವವನು, ಎಲ್ಲರೂ ಏಣಿ ಎಂದು ಕರೆಯುವವನು, ನಿನ್ನ ಜೊತೆ ತೊರೆ ಅಳೆಯಲು ಹೋಗುವವನು, "ನಮ್ಮ ಏಣಿ ಇದ್ರೆ ದಾರಿ ತಪ್ಪಲ್ಲ ರೀ." ಅವನು ಡೇರೆಯಲ್ಲಿ ಮಲಗುತ್ತಾನೆ, ನೀನು ಗಾಡಿಯಲ್ಲಿ, ಎಂದು ನಾನು ಕೇಳದೆಯೇ ಹೇಳಿದ್ದೆ. ಕೇಳದೆ ಹೇಳಿದ್ದನ್ನು ನಾನು ಕೇಳಿ ತಿಳಿದದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸುತ್ತೇನೆ. ಆದರೆ ಅವನ ಕಾಲು ಎಷ್ಟು ಉದ್ದ ಎಂಬುದು ನನಗೆ ಬೆರಳಿನ ಅಳತೆಗೆ ಗೊತ್ತು. ಚಾಲಕನ ಪಕ್ಕದ ಸೀಟು ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದಲ್ಲ, ಆ ಹಳಿಯಲ್ಲಿ ಮುಂದಿನಿಂದ ಹಿಂದಕ್ಕೆ ಏಳು ಹಲ್ಲುಗಳಿವೆ, ಸೀಟು ಒಂದೊಂದಕ್ಕೂ ಟಕ್ ಎಂದು ಕಚ್ಚಿಕೊಳ್ಳುತ್ತದೆ. ನಾನು ಕೂತರೆ ನಾಲ್ಕನೆಯ ಹಲ್ಲು. ನೀನು ತಿಂಗಳಿಗೊಮ್ಮೆ ಬೆಟ್ಟದಿಂದ ಬಂದಾಗಲೆಲ್ಲ ಅದು ಏಳರಲ್ಲಿರುತ್ತದೆ. ನೀನು ಸ್ನಾನಕ್ಕೆ ಹೋದಾಗ ನಾನು ಕೆಳಗಿಳಿದು ಅದನ್ನು ನಾಲ್ಕಕ್ಕೆ ತರುತ್ತೇನೆ. ಮುಂದಿನ ತಿಂಗಳು ಮತ್ತೆ ಏಳು. ಹೀಗೆ ಅವನೂ ನಾನೂ ಮುಖ ನೋಡದೆ ಒಂದು ವರ್ಷದಿಂದ ಹಗ್ಗಜಗ್ಗಾಟ ಆಡುತ್ತಿದ್ದೇವೆ. ನಡುವೆ ಗಾಡಿ ಓಡಿಸುವ ನಿನಗೆ ಟಕ್ ಎಂಬ ಸದ್ದು ಕೇಳಿಸಿರಲಿಕ್ಕಿಲ್ಲ.

ಈಗ ಪೆಟ್ಟಿಗೆಯ ವಿಷಯಕ್ಕೆ ಬರಬೇಕು. ಹಿಂದಿನ ಸೀಟು ತೆಗೆಸಿ, ಅಲ್ಲಿ ಸಾಮಾನಿಗೆ ಖಾನೆಗಳು, ಮೇಲೆ ನೀನು ಮಲಗಲು ಹಲಗೆ ಬರುವಂಥ ಪೆಟ್ಟಿಗೆ ಮಾಡಿಸಿ ಎಂದಿದ್ದೆ. ನಕ್ಷೆಯನ್ನು ನಾನೇ ಬರೆದೆ, ಮೂರು ರಾತ್ರಿ ಊಟವಾದ ಮೇಲೆ ಕೂತು. ಖಾನೆ ಸಲೀಸಾಗಿ ಜಾರುತ್ತದೆ, ಅಲುಗಿದರೆ ಬಾಯಿ ತೆರೆಯುವುದಿಲ್ಲ, ನಿನ್ನ ಗಾಜಿನ ಸೀಸೆಗಳಿಗೆ ಬಟ್ಟೆ ಹೊದಿಸಿದ ಗೂಡುಗಳಿವೆ. ಬಡಗಿ ತಂದು ಬೋಲ್ಟು ಬಿಗಿದ, ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿ ನೋಡಿದ. ಅದು ಎರಡನೆಯ ಹಲ್ಲಿಗೇ ಪೆಟ್ಟಿಗೆಗೆ ತಗುಲಿ ನಿಂತಿತು. "ಇಲ್ಲಿ ಕೂರೋರು ಮಂಡೀನ ಮನೇಲಿ ಬಿಟ್ಟು ಬರಬೇಕಾ ಸಾರ್?" ಎಂದ. ಅಳತೆ ಸ್ವಲ್ಪ ತಪ್ಪಿರಬೇಕು ಎಂದೆ. ಅವನು ನನ್ನ ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಇಪ್ಪತ್ತಾರು ವರ್ಷ ನಕ್ಷೆ ಬರೆದ ಕೈ ಇದು. ಕೂದಲೆಳೆಯಷ್ಟು ತಪ್ಪಿದ್ದನ್ನು ನೀನು ಎಂದಾದರೂ ನೋಡಿದ್ದೀಯಾ?

ಮೊನ್ನೆ, ಭಾರ ಹೇರಿ ಕೆಟ್ಟ ದಾರಿಯಲ್ಲಿ ಓಡಿಸದೆ ಕೆಲಸ ಮುಗಿಯಿತೆನ್ನುವುದಿಲ್ಲ ಎಂದ ಮೆಕ್ಯಾನಿಕ್. ಖಾನೆ ತುಂಬ ಇಟ್ಟಿಗೆ, ನೀರಿನ ಕ್ಯಾನು. ಊರಾಚೆಯ ಹಳೆಯ ಕಲ್ಲುಕ್ವಾರಿಗೆ ಹೊರಟೆವು. "ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತು ಎಲ್ಲಿ ಕಿರ್ ಅಂತದೆ ಕೇಳ್ತಾ ಇರಿ." ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಎನ್ನುತ್ತಾರಲ್ಲ, ನಾನು ಬಿದ್ದದ್ದಷ್ಟೇ ಅಲ್ಲ, ಎರಡು ಗಂಟೆ ಅದರಲ್ಲಿ ಕೂತಿದ್ದೆ. ಕುಲುಕಿದಾಗಲೆಲ್ಲ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಕಿರ್ ಎಂದದ್ದು ನಾನೊಬ್ಬನೇ. "ಸಾರ್, ಮೇಡಂಗೆ ಯಾರ ಮೇಲಾದ್ರೂ ಸಿಟ್ಟಾ? ಇದು ಸೀಟಲ್ಲ, ಶಿಕ್ಷೆ" ಎಂದ. ಮೇಡಂಗಲ್ಲ ಎಂದು ಹೇಳಲಿಲ್ಲ.

ಮೇಲೆ ದಾರಿ ಕುಸಿದಿತ್ತು. ನಾನು ಕಾಗದದ ಮೇಲೆ ಒತ್ತೊತ್ತಾಗಿ ಎಳೆಯುವ ಗೆರೆಗಳು ಅಂದರೆ ಇಷ್ಟು ಕಡಿದಾದ ಇಳಿಜಾರು ಎಂದು ಈ ವಯಸ್ಸಿಗೆ ತಿಳಿಯಿತು. ಪಕ್ಕದಲ್ಲಿ ಕೂತವನು ಇಳಿದು ದಾರಿ ತೋರಿಸಬೇಕಂತೆ. ಇಳಿದೆ, ಕುಂಟುತ್ತಾ ಮುಂದೆ ಹೋದೆ, ಗಾಡಿಗೆ ಎದುರಾಗಿ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಕೈಯಾಡಿಸಿದೆ: ಎಡಕ್ಕೆ, ಇನ್ನೂ ಸ್ವಲ್ಪ, ಸಾಕು. ಅಷ್ಟು ದೊಡ್ಡ ಗಾಡಿ ನನ್ನ ಬೆರಳು ಹೇಳಿದ ಕಡೆಗೆ ಬಂತು. ಒಳಗೆ ಕೂತವನ ಕಣ್ಣು ನನ್ನ ಕೈಯನ್ನು ಬಿಟ್ಟು ಕದಲಲಿಲ್ಲ, ಆಚೆ ಆಳವಾದ ಹಳ್ಳ. ಆಗ ಗೊತ್ತಾಯಿತು. ನಾನು ಇಷ್ಟು ದಿನ ಏಣಿಯ ಕಾಲಿನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ದಂಡ. ನೀನು ಆ ದಾರಿಗಳಲ್ಲಿ ಅವನ ಕೈಯನ್ನು ಹೀಗೆಯೇ ನೋಡುತ್ತಿರುತ್ತೀಯೆ, ರೆಪ್ಪೆ ಬಡಿಯದೆ, ಅವನು ಬಾ ಎಂದಲ್ಲಿಗೆ ಬರುತ್ತೀಯೆ. ಮನೆಯಲ್ಲಿ ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಯನ್ನು ಯಾರೂ ಅಷ್ಟು ನೆಚ್ಚಿ ನೋಡಿಲ್ಲ. ನೋಡುವಂಥದ್ದೇನನ್ನೂ ಅದು ಮಾಡಿಲ್ಲ ಎನ್ನುವುದೂ ನಿಜವೇ.

ಒಂದು ಸಲ ನೀನು ಕರೆದಿದ್ದೆ, ಆರು ವರ್ಷದ ಹಿಂದೆ. "ನೀವೂ ಬನ್ರೀ, ನೀವು ಬರೆದಿರೋ ಬೆಟ್ಟ ಒಂದ್ಸಲ ನೋಡಿ." ನನಗೆ ಅಲ್ಲಿ ಏನು ಕೆಲಸ ಎಂದೆ. ಆಮೇಲೆ ನೀನು ಕರೆಯಲಿಲ್ಲ, ನಾನು ಅದನ್ನೇ ನಿನ್ನ ತಪ್ಪಿನ ಖಾತೆಗೆ ಹಾಕಿ ನೆಮ್ಮದಿಯಾಗಿದ್ದೆ. ನಿನ್ನೆ ನಿಮ್ಮಮ್ಮ ನನ್ನ ಮಂಡಿಗೆ ತಮ್ಮ ಎಣ್ಣೆ ಕೊಡುತ್ತಾ, "ಇಷ್ಟೆಲ್ಲ ಮಾಡಿಸ್ತೀರಿ, ನೀವೂ ಒಂದು ದಿನ ಅವಳ ಜೊತೆ ಹೋಗ್ಬಾರ್ದಾ?" ಎಂದರು. ಕರೆದರಲ್ಲವೇ ಎಂದೆ. "ಅವಳ ಗಾಡಿ ಕೀಲಿ ನಿಮ್ಮ ಜೇಬಲ್ಲೇ ಇದೆಯಲ್ಲಪ್ಪ" ಎಂದು ಒಳಗೆ ಹೋದರು.

ಚಳಿಗೆ ಎರಡು ಜೊತೆ ಕಾಲುಚೀಲ ಕಳಿಸುತ್ತಿದ್ದೇನೆ, ಒದ್ದೆಯಾದದ್ದನ್ನೇ ಮೆಟ್ಟಿಕೊಂಡು ತಿರುಗಬೇಡ. ನಿಮ್ಮಮ್ಮನ ಆಶೀರ್ವಾದ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಎಲ್ಲರಿಗೂ ಎಂದೇ ಬರೆದಿದ್ದೇನೆ, ಗಮನಿಸು.

ನಿನ್ನ,
ಇವರು

ತಾ.ಕ.: ಲಾರಿಯವನು ಕೆಳಗೆ ಹಾರನ್ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ಹಿಂದಿನ ಕಾಗದದಲ್ಲಿ ಸೋಪು ಮುಗಿದಿದೆ ಎನ್ನುವುದಕ್ಕೂ ಟಾರ್ಚು ಕೆಟ್ಟಿದೆ ಎನ್ನುವುದಕ್ಕೂ ನಡುವೆ ಒಂದು ಸಾಲು ಬರೆದಿದ್ದೆ: ಮುಂದಿನ ತಿಂಗಳು ಮೇಲಿನ ಕಣಿವೆಗೆ ಇಪ್ಪತ್ತು ದಿನ, ಜೊತೆಗೆ ಒಬ್ಬರು ಇರಲೇಬೇಕು, ಮನೆಯವರಾದರೂ ಆಗುತ್ತದಂತೆ, ಹೆಸರು ಇನ್ನೂ ಬರೆದುಕೊಟ್ಟಿಲ್ಲ. ಅದನ್ನು ಹನ್ನೊಂದು ಸಲ ಓದಿದ್ದೇನೆ. ನನ್ನ ರಜೆ ಅರವತ್ತು ದಿನ ಬಾಕಿ ಇದೆ. ಪೆಟ್ಟಿಗೆಯ ಅಳತೆ ತಪ್ಪಿದ್ದಲ್ಲ, ನಾನು ತಪ್ಪಿಸಿದ್ದು. ಶನಿವಾರ ಬಡಗಿ ಗರಗಸ ತರುತ್ತಾನೆ, ಒಮ್ಮೆ ಕೊಯ್ದರೆ ಹಲಗೆ ಮತ್ತೆ ಕೂಡುವುದಿಲ್ಲ. ಇದೇ ಲಾರಿಯಲ್ಲಿ ಉತ್ತರ ಕಳಿಸು: ನಾಲ್ಕನೆಯ ಹಲ್ಲಿನವರೆಗೆ ಕೊಯ್ಯಿಸಲೇ, ಏಳನೆಯದರವರೆಗೆ ಕೊಯ್ಯಿಸಲೇ?